ಪಾದ್ರಿಯ ಮಗ

ಗ್ರೀಸ್ ದೇಶದ ಈಚಿನ ಚರಿತ್ರೆಯನ್ನು ಓದುವಾಗ ನನಗೆ ಮೊದಮೊದಲು ತೊಡಕಾಗಿದ್ದುದು ಅಲ್ಲಿನವರ ಉದ್ದುದ್ದನೆಯ ಹೆಸರುಗಳು. ಬಿಡಿಸಿ ನೋಡಿದರೆ ಒಂದೊಂದರಲ್ಲೂ ಒಂದು ಮನೆತನದ ಕಥೆ ಅಡಗಿದೆ. ಆ ನಾಡಿನಲ್ಲಿ ಬಹು ಬಳಕೆಯಲ್ಲಿರುವ ‘ಪಾಪದೋಪುಲೋಸ್’ ಎಂಬುದನ್ನೇ ತೆಗೆದುಕೊಳ್ಳೋಣ.

‘ಪಾಪಾಸ್’ ಎಂದರೆ ಪಾದ್ರಿ. ‘ಪುಲೋಸ್’ ಎಂದರೆ ಮಗ. ಈ ‘ಪುಲೋಸ್’ ಮರಿ ಎಂಬರ್ಥದ ‘ಪುಲ್ಲುಸ್’ ಎಂಬ ಲ್ಯಾಟಿನ್ ಮಾತಿನಿಂದ ಬಂದುದೆಂದು ಪಂಡಿತರು ಹೇಳುತ್ತಾರೆ. ನಾವೂ ಮಕ್ಕಳನ್ನು ಮುದ್ದಿನಿಂದ ಮರಿ ಎನ್ನುತ್ತೇವಷ್ಟೆ! ಪಾದ್ರಿಗೆ ಮಗನೆಲ್ಲಿಂದ ಬಂದ ಎಂದು ವಾಚಕರು ಹುಬ್ಬೇರಿಸಬೇಕಾಗಿಲ್ಲ. ಗ್ರೀಕರ ಆರ್ಥೊಡಾಕ್ಸ್ ಪಂಥದಲ್ಲಿ ದೀಕ್ಷೆಗೆ ಮೊದಲೇ ಮದುವೆಯಾದವನು ಸಂಸಾರಿಯಾಗಿದ್ದುಕೊಂಡೇ ಪಾದ್ರಿಯಾಗಬಹುದು. ಬಿಷಪ್ಪನಿಗೆ ಮಾತ್ರ ಆ ಅವಕಾಶವಿಲ್ಲ.

ತಂದೆಯಿಂದ ಮಗನನ್ನು ಗುರುತಿಸುವ ಈ ಪದ್ಧತಿ ಬಹಳ ಹಳೆಯದು. ದಶರಥನ ಮಗ ದಾಶರಥಿಯಾದಂತೆ, ಪೆಲೆಯೂಸನ ಮಗ ಅಕಿಲೀಸನನ್ನು ಹೋಮರ್ ಕವಿ ‘ಪೆಲೈಡೀಸ್’ ಎಂದು ಕರೆದಿದ್ದಾನೆ. ಈಗಲೂ ಹೆಸರಿನ ಬಾಲವನ್ನು ನೋಡಿ ಊರನ್ನು ಊಹಿಸಬಹುದು. ‘ಪುಲೋಸ್’ ಹೆಚ್ಚಾಗಿ ಪೆಲೊಪೊನೀಸಿನದು. ‘ಆಕಿಸ್’ ಎಂದಿದ್ದರೆ ಕ್ರೀಟ್ ದ್ವೀಪ: ಅಲ್ಲಿ ಹುಟ್ಟಿದ ಸಾಹಿತಿ ಕಜಾಂತ್ಜಾಕಿಸನ ಹೆಸರಿನ ಮೂಲದಲ್ಲಿರುವುದು ಹಂಡೆ ಮಾಡುವವನು ಎಂಬರ್ಥದ ತುರ್ಕಿ ಮಾತು. ‘ಇದಿಸ್’, ‘ಓಗ್ಲು’ ಎಂದು ಮುಗಿಯುವ ಹೆಸರುಗಳು ಅನೇಕವೇಳೆ ಒಂದು ದುಃಖದ ನೆನಪನ್ನು ಹೊತ್ತಿವೆ. 1922ರ ಸೋಲು ಮತ್ತು 1923ರ ಜನವಿನಿಮಯ ಒಪ್ಪಂದದಿಂದಾಗಿ ಏಷ್ಯಾ ಮೈನರಿನಲ್ಲಿ ಮನೆಮಠ ಬಿಟ್ಟು ಸುಮಾರು 12 ಲಕ್ಷ ಮಂದಿ ಗ್ರೀಸಿಗೆ ಬಂದರು. ಆಸ್ತಿ ಅಲ್ಲಿ ಉಳಿಯಿತು, ಹೆಸರು ಜೊತೆಗೆ ಬಂತು.

ಆದರೆ ಹೆಸರಿಗೂ ಮನುಷ್ಯನಿಗೂ ಇರುವ ನಂಟು ಎಷ್ಟು? ಇದಕ್ಕೆ ಇಬ್ಬರು ಗೆಯೋರ್ಗಿಯೋಸರ ನಿದರ್ಶನ ಸಾಕು. ಇಬ್ಬರೂ ಅಖಾಯ ಪ್ರಾಂತದ ಹಳ್ಳಿಗಳಲ್ಲಿ ಹುಟ್ಟಿದವರು. 1888ರಲ್ಲಿ ಹುಟ್ಟಿದ ಮೊದಲನೆಯವರ ತಂದೆ ಆಂದ್ರೆಯಾಸ್ ಸ್ತಾವ್ರೋಪುಲೋಸ್ ಎಂಬ ಪಾದ್ರಿ. ಮಗ ಆ ಮನೆತನದ ಹೆಸರನ್ನು ಬಿಟ್ಟು, ‘ಪಾದ್ರಿ ಆಂದ್ರೆಯಾಸನವನು’ ಎಂಬರ್ಥದ ‘ಪಾಪಂದ್ರೆಯು’ ಎಂಬ ಹೆಸರನ್ನು ಇಟ್ಟುಕೊಂಡರು. ಮೂರು ಸಲ ಪ್ರಧಾನಿಯಾದರು. 1919ರಲ್ಲಿ ಹುಟ್ಟಿದ ಎರಡನೆಯವನ ಹೆಸರೇ ಪಾಪದೋಪುಲೋಸ್. ಅವನ ತಂದೆ ಮಾತ್ರ ಶಾಲೆಯ ಉಪಾಧ್ಯಾಯ. ಪಾದ್ರಿಯಾಗಿದ್ದವನು ಹಿಂದಿನ ಯಾವನೋ ಪೂರ್ವಿಕನಿರಬೇಕು.

1967ರ ಏಪ್ರಿಲ್ 21ರಂದು ಕರ್ನಲ್ ಪಾಪದೋಪುಲೋಸನೂ ಅವನ ಸಂಗಡಿಗರೂ ಸೈನ್ಯದ ಬಲದಿಂದ ಸರ್ಕಾರವನ್ನು ಕಿತ್ತುಕೊಂಡರು. ವೃದ್ಧ ಪಾಪಂದ್ರೆಯು ಗೃಹಬಂಧನಕ್ಕೆ ಒಳಗಾದರು. 1968ರ ನವೆಂಬರ್ 1ರಂದು ತೀರಿಕೊಂಡರು. ಅವರ ಶವಯಾತ್ರೆಗೆ ಅಥೆನ್ಸಿನಲ್ಲಿ ಲಕ್ಷಾಂತರ ಜನ ಸೇರಿದರು. ಬಾಯಿ ಬಿಡಲು ಹೆದರಬೇಕಾಗಿದ್ದ ಆ ಕಾಲದಲ್ಲಿ ಅದು ಸೈನಿಕರಾಳ್ವಿಕೆಯ ವಿರುದ್ಧ ಬಹಿರಂಗ ಪ್ರತಿಭಟನೆಯೇ ಆಯಿತು.

1974ರಲ್ಲಿ ಆ ಆಳ್ವಿಕೆ ಕುಸಿಯಿತು. ಪಾಪದೋಪುಲೋಸ್ 1999ರಲ್ಲಿ ಸಾಯುವವರೆಗೂ ಸೆರೆಯಾಳಾಗಿಯೇ ಇದ್ದ. ಅಜ್ಜನ ಹೆಸರನ್ನು ಮೊಮ್ಮಗನಿಗಿಡುವ ಪದ್ಧತಿ ಗ್ರೀಕರಲ್ಲೂ ಉಂಟು. ಆ ಪ್ರಕಾರ ಪಾದ್ರಿಯ ಹೆಸರು ಪಡೆದ ಮೊಮ್ಮಗ ಆಂದ್ರೆಯಾಸ್ 1981ರಲ್ಲಿ ಪ್ರಧಾನಿಯಾದರು. ಅವರ ಮಗ ಗೆಯೋರ್ಗಿಯೋಸ್ 2009ರಲ್ಲಿ. ಹಳ್ಳಿಯ ಪಾದ್ರಿಯೊಬ್ಬನ ಹೆಸರು ಹೀಗೆ ಒಂದು ದೇಶದ ಪ್ರಧಾನಿಗಳ ಪಟ್ಟಿಯಲ್ಲಿ ಮೂರು ತಲೆಮಾರು ಉಳಿಯಿತು.