ಟಿವಿಯವರು ‘ಕಂಡುಹಿಡಿದ’ ಗುಡ್ಡಗಳು

ಬಂಗಲ್ ಬಂಗಲ್ ಗುಡ್ಡಗಳ ಫೋಟೊ ನೋಡಿದಾಗ ನಮಗೆ ಮೊದಲು ನೆನಪಾಗಿದ್ದು ಕಣದಲ್ಲಿ ಒಟ್ಟಿದ ಬಣವೆಗಳು. ಒಂದರ ಪಕ್ಕ ಒಂದು, ಕಣ್ಣು ಹಾಯುವಷ್ಟು ದೂರ. ಮೈತುಂಬ ಕೆಂಪು, ಕಪ್ಪು ಪಟ್ಟೆ. ಇವು ಇರುವುದು ಆಸ್ಟ್ರೇಲಿಯಾದ ವಾಯವ್ಯ ಮೂಲೆಯ ಕಿಂಬರ್ಲಿ ಸೀಮೆಯಲ್ಲಿ. ಉತ್ತರಕ್ಕೆ ಹೋದರೆ ಜೋರು ಮಳೆಯ ಉಷ್ಣವಲಯ, ದಕ್ಷಿಣಕ್ಕೆ ಇಳಿದರೆ ಮರುಭೂಮಿ.

ಕಲ್ಲು ಸುಮಾರು 35 ಕೋಟಿ ವರ್ಷ ಹಳೆಯದು. ಅದನ್ನು ಈ ಆಕಾರಕ್ಕೆ ಕೊರೆದದ್ದು ಈಚಿನ 2 ಕೋಟಿ ವರ್ಷಗಳ ಮಳೆ, ಗಾಳಿ. ತೇವ ಹಿಡಿದಿಡುವ ಪದರದ ಮೇಲೆ ಪಾಚಿಯಂಥ ಸೂಕ್ಷ್ಮಜೀವಿ ಬೆಳೆದು ಕಪ್ಪಾಗುತ್ತದೆ. ಬೇಗ ಒಣಗುವ ಪದರ ಕಬ್ಬಿಣದ ತುಕ್ಕಿನಿಂದ ಕೆಂಪಗಾಗುತ್ತದೆ. ಒಳಗಿನ ಮರಳುಗಲ್ಲು ಮೆತ್ತಗೆ, ಈ ಪಟ್ಟೆಗಳೇ ಅದಕ್ಕೆ ಹೊದಿಕೆ.

ಈ ಗುಡ್ಡಗಳನ್ನು 1983ರ ಸುಮಾರಿಗೆ ಟಿವಿ ಚಿತ್ರತಂಡವೊಂದು ಆಕಾಶದಿಂದ ಚಿತ್ರೀಕರಿಸಿ ‘ಪತ್ತೆ ಹಚ್ಚಿತು’ ಎಂದು ಪ್ರವಾಸಿ ಬರಹಗಳು ಹೇಳುತ್ತವೆ. 1987ರಲ್ಲಿ ಇದು ಪುರ್ನುಲುಲು ರಾಷ್ಟ್ರೀಯ ಉದ್ಯಾನವಾಯಿತು, 2003ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಆದರೆ ‘ಪುರ್ನುಲುಲು’ ಅನ್ನುವುದೇ ಅಲ್ಲಿನ ಕಿಜಾ ಜನರ ಮಾತು, ಮರಳುಗಲ್ಲು ಅಂತ ಅರ್ಥ. ಕಿಜಾ ಮತ್ತು ಜಾರು ಜನ ಸಾವಿರಾರು ವರ್ಷಗಳಿಂದ ಅಲ್ಲಿ ಬಾಳಿದವರು. ಹಾಗಾದರೆ ಕ್ಯಾಮೆರಾ ಬಂದಾಗ ಅವರೆಲ್ಲಿ ಹೋಗಿದ್ದರು?

1879ರಲ್ಲಿ ಅಲೆಕ್ಸಾಂಡರ್ ಫಾರೆಸ್ಟ್ ಎಂಬ ಸರ್ವೇದಾರ ಈ ಸೀಮೆ ದಾಟಿ, ಒಳ್ಳೆಯ ಹುಲ್ಲುಗಾವಲಿದೆ ಎಂದು ವರದಿ ಕೊಟ್ಟ. ಹಿಂದೆಯೇ ದನದ ಮಂದೆಗಳು ಬಂದವು. ಕುಡಿಯುವ ನೀರಿನ ಮಡುಗಳೆಲ್ಲ ದನಗಳ ಪಾಲಾದವು. ದನಕ್ಕೆ ಈಟಿ ಎಸೆದವರ ಮೇಲೆ ಗುಂಡು ಹಾರಿತು. ಉಳಿದವರು ಅದೇ ಒಡೆಯರ ಬಳಿ ದನಗಾಹಿಗಳಾದರು. ಕೂಲಿ ಅಂದರೆ ಹಿಟ್ಟು, ಚಹಾ, ಸಕ್ಕರೆ, ಹೊಗೆಸೊಪ್ಪು. ನಾವಿದನ್ನು ಜೀತ ಎಂದೇ ಕರೆಯುತ್ತೇವೆ.

ಮೂಲನಿವಾಸಿ ದನಗಾಹಿಗಳಿಗೂ ಸಮಾನ ವೇತನ ಕೊಡಬೇಕೆಂಬ ತೀರ್ಪು 1966ರಲ್ಲಿ ಬಂತು, 1968ರ ಕೊನೆಗೆ ಜಾರಿಯಾಯಿತು. ಸಂಬಳ ಕೊಡಬೇಕು ಅಂದಾಕ್ಷಣ ಎಷ್ಟೋ ಒಡೆಯರು ಕುಟುಂಬ ಕುಟುಂಬಗಳನ್ನೇ ಹೊರಗೆ ಕಳಿಸಿದರು. ಆ ಜನ ಹಾಲ್ಸ್ ಕ್ರೀಕ್‌ನಂಥ ಊರುಗಳ ಅಂಚಿನಲ್ಲಿ ಗುಡಾರ ಹಾಕಿಕೊಂಡರು. ಅದಾಗಿ ಹದಿನೈದು ವರ್ಷಕ್ಕೆ ಕ್ಯಾಮೆರಾ ಬಂತು. ಯಾರೂ ಇಲ್ಲದ ಜಾಗ ಅನ್ನಿಸಿದ್ದು ಸುಮ್ಮನೆ ಅಲ್ಲ.

ದನಗಳೂ ನೆಲವನ್ನು ಬಿಟ್ಟಿರಲಿಲ್ಲ. ಮಿತಿಮೀರಿ ಮೇಯ್ದು ಹುಲ್ಲು ಹೋಯಿತು, ಮಣ್ಣು ಆರ್ಡ್ ನದಿಗೆ ಕೊಚ್ಚಿತು. ಕೆರೆಗೆ ಹೂಳು ತುಂಬುವುದನ್ನು ಕಂಡವರಿಗೆ ಬಿಡಿಸಿ ಹೇಳಬೇಕಿಲ್ಲ. ನದಿಗೆ ದೊಡ್ಡ ಅಣೆಕಟ್ಟು ಯೋಜಿಸಿದ್ದ ಸರ್ಕಾರ 1967ರಲ್ಲಿ ಮೇವಿನ ಜಮೀನನ್ನು ವಾಪಸ್ ಪಡೆದು ದನ, ಕತ್ತೆಗಳನ್ನು ಹೊರಹಾಕತೊಡಗಿತು. ಕಾರಣ ಅಣೆಕಟ್ಟು, ಜನರಲ್ಲ.

ಹೀಗೆ ದನಗಾಹಿ ಕೆಲಸ ಹೋಗಿ, ಗುಡ್ಡಗಳಿಗೆ ಹತ್ತಿರದ ವಾರ್ಮುನ್‌ಗೆ ಬಂದು ನೆಲೆಸಿದವರಲ್ಲಿ ರೋವರ್ ಥಾಮಸ್ ಒಬ್ಬರು. ನೆಲದ ಕೆಮ್ಮಣ್ಣು, ಹಳದಿ ಮಣ್ಣಿನಲ್ಲೇ ಚಿತ್ರ ಬರೆದರು. 1990ರಲ್ಲಿ ವೆನಿಸ್‌ನ ಕಲಾಮೇಳದಲ್ಲಿ ಆಸ್ಟ್ರೇಲಿಯಾದ ಪರವಾಗಿ ಅವರ ಚಿತ್ರಗಳಿದ್ದವು. ಟಿವಿಯವರಂತೆ ಅವರೂ ಆ ಸೀಮೆಯನ್ನು ಮೇಲಿನಿಂದ ನೋಡಿದ ಹಾಗೆ ಬರೆದರು. ಗುಡ್ಡ, ಹಳ್ಳ, ದಾರಿ ಎಲ್ಲ ಅದರಲ್ಲಿವೆ. ಜನರನ್ನು ಕೊಂದ ಜಾಗಗಳೂ ಇವೆ.