ಕನ್ನಂಬಾಡಿ ಅನ್ನೋ ಬ್ಯಾಟರಿ

ಬೆಳ್ಳೂರು ಕ್ರಾಸ್‌ನಿಂದ ಒಳಗೆ ಹೋಗಿ, ಆದಿಚುಂಚನಗಿರಿ ಬೆಟ್ಟ ಕಾಣೋ ಹಾಗೆ ಪರಿಚಯದವರ ತೆಂಗಿನ ತೋಟದಲ್ಲಿ ನಮ್ಮ ಕ್ಯಾಂಪರ್ ವ್ಯಾನ್ ನಿಲ್ಲಿಸಿದ್ದೆವು. ವೀಕೆಂಡ್ ಪೂರ್ತಿ ಕರೆಂಟ್ ಕನೆಕ್ಷನ್ ಇಲ್ಲದೆ ಇರಬೇಕು ಅನ್ನೋದು ಹಟ. ಮೊದಲ ರಾತ್ರಿ ಮೂರು ಗಂಟೆಗೆ ಇನ್ವರ್ಟರ್ ಕುಂಯ್ ಅಂತ ಕೂಗಿ ಆಫ್ ಆಯ್ತು. ಫ್ಯಾನ್ ನಿಂತಿತು, ಫ್ರಿಜ್ ನಿಂತಿತು, ಸೊಳ್ಳೆಗಳು ಬಂದವು.

ಬೆಳಗ್ಗೆ ಎಳನೀರು ಕೊಡೋಕೆ ಬಂದ ತೋಟದ ಯಜಮಾನರು ವಿಷಯ ಕೇಳಿ ನಕ್ಕರು. "ಒಳಹರಿವು ಎಷ್ಟು, ಹೊರಹರಿವು ಎಷ್ಟು ಅಂತ ನೋಡಿರ್ಲಿಲ್ವಾ?"

ಮಂಡ್ಯ ಜಿಲ್ಲೆಯವರಿಗೆ ಇದು ದಿನನಿತ್ಯದ ಭಾಷೆ. ಮಳೆಗಾಲದಲ್ಲಿ ಪೇಪರ್ ತೆಗೆದರೆ ಮೊದಲು ನೋಡೋದು ಕೆಆರ್‌ಎಸ್ ಎಷ್ಟು ಅಡಿ ಅಂತ. ಗರಿಷ್ಠ ಮಟ್ಟ 124.80 ಅಡಿ, ಸಾಮರ್ಥ್ಯ ಸುಮಾರು 49 ಟಿಎಂಸಿ. ಅವರು ತಮಾಷೆಗೆ ಅಂದದ್ದು. ಆದರೆ ಇತಿಹಾಸ ನೋಡಿದರೆ ಆ ಮಾತಿನಲ್ಲಿ ಸತ್ಯವಿದೆ.

ಕನ್ನಂಬಾಡಿ ಕಟ್ಟೆ ಅಂದರೆ ಕಬ್ಬು, ಭತ್ತ, ನಾಲೆ ಅಂತಲೇ ನಾವೆಲ್ಲ ಓದಿಕೊಂಡಿದ್ದೀವಿ. ಅದು ಅರ್ಧ ಕಥೆ. ಕಟ್ಟೆಗಿಂತ ಮೊದಲೇ, 1902ರಲ್ಲಿ, ಕಾವೇರಿಯ ಕೆಳಹರಿವಿನ ಶಿವನಸಮುದ್ರದಲ್ಲಿ ವಿದ್ಯುತ್ ಉತ್ಪಾದನೆ ಶುರುವಾಗಿತ್ತು. ಆ ಕರೆಂಟ್ ಸುಮಾರು 147 ಕಿಲೋಮೀಟರ್ ತಂತಿಯಲ್ಲಿ ಹೋಗಿದ್ದು ಕೋಲಾರದ ಚಿನ್ನದ ಗಣಿಗಳಿಗೆ. ಬೆಂಗಳೂರಿನ ಬೀದಿದೀಪ ಹತ್ತಿದ್ದು 1905ರಲ್ಲಿ. ನದಿ ಪಕ್ಕದ ಹಳ್ಳಿಗಳಲ್ಲಿ ಇನ್ನೂ ಎಣ್ಣೆ ದೀಪ, ಲಾಟೀನು.

ಈ ವ್ಯವಸ್ಥೆಗೆ ಒಂದೇ ತೊಂದರೆ. ಟರ್ಬೈನ್ ಇತ್ತು, ಗಿರಾಕಿ ಇದ್ದ, ಸ್ಟೋರೇಜ್ ಇರಲಿಲ್ಲ. ಮಳೆಗಾಲದಲ್ಲಿ ನೀರು ಸುಮ್ಮನೆ ಹರಿದು ಹೋಗೋದು, ಬೇಸಿಗೆಯಲ್ಲಿ ಹರಿವು ಇಳಿದರೆ ಕರೆಂಟೂ ಇಳಿಯೋದು. ಬ್ಯಾಟರಿ ಇಲ್ಲದ ಸೋಲಾರ್ ಪ್ಯಾನೆಲ್ ಥರ. 1909ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್ ಆಗಿ ಬಂದ ವಿಶ್ವೇಶ್ವರಯ್ಯನವರ ಮುಂದೆ ಇದ್ದ ಪ್ರಶ್ನೆಗಳಲ್ಲಿ ಇದೂ ಒಂದು. 1911ರಲ್ಲಿ ಕಟ್ಟೆ ಕೆಲಸ ಶುರುವಾದಾಗ ನೀರಾವರಿಯ ಜೊತೆಗೆ ಶಿವನಸಮುದ್ರಕ್ಕೆ ವರ್ಷಪೂರ್ತಿ ನೀರು ಕೊಡೋದೂ ಉದ್ದೇಶವಾಗಿತ್ತು. ಅಂದರೆ ಕನ್ನಂಬಾಡಿ ನಮ್ಮ ನಾಡಿನ ಮೊದಲ ದೊಡ್ಡ ಬ್ಯಾಟರಿಗಳಲ್ಲೊಂದು.

ಈಗ ನಮ್ಮ ವ್ಯಾನಿಗೆ ಅದೇ ಲೆಕ್ಕ ಹಾಕಿ. ನಮ್ಮದು 12 ವೋಲ್ಟ್, 100 ಆಂಪಿಯರ್ ಅವರ್‌ನ ಲೆಡ್ ಆಸಿಡ್ ಬ್ಯಾಟರಿ. ಗುಣಿಸಿದರೆ 1,200 ವ್ಯಾಟ್ ಅವರ್. ಆದರೆ ಅಣೆಕಟ್ಟಿನ ಡೆಡ್ ಸ್ಟೋರೇಜ್ ಇದ್ದಂತೆ ಇದರ ತಳದ ಅರ್ಧವೂ ಲೆಕ್ಕಕ್ಕುಂಟು, ಆಟಕ್ಕಿಲ್ಲ. ಪದೇ ಪದೇ ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಬ್ಯಾಟರಿಯ ಆಯಸ್ಸೇ ಕಮ್ಮಿಯಾಗುತ್ತೆ. ಹಾಗಾಗಿ ಕೈಗೆ ಸಿಗೋದು 600. ಫ್ರಿಜ್ ಒಂದಕ್ಕೇ ದಿನಕ್ಕೆ ಸುಮಾರು 500 ಬೇಕು, ಲ್ಯಾಪ್‌ಟಾಪಿಗೆ 240, ಫ್ಯಾನಿಗೆ 160. 200 ವ್ಯಾಟ್ ಪ್ಯಾನೆಲ್ ಒಳ್ಳೆ ಬಿಸಿಲಲ್ಲಿ 800 ಕೊಟ್ಟೀತು, ಮೋಡವಿದ್ದರೆ ಅದರ ಅರ್ಧವೂ ಕಷ್ಟ. ನಾವು ಬಂದ ದಿನ ಮೋಡ. ಸಾಲದ್ದಕ್ಕೆ ಸಂಜೆ ಇಂಡಕ್ಷನ್ ಒಲೆ ಹಚ್ಚಿ ಅನ್ನ ಬೇರೆ ಮಾಡಿದ್ದೆವು! ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಹಾಕಿಸಿದರೆ ನೂರರಲ್ಲಿ ಎಂಬತ್ತು ಭಾಗ ನಿಶ್ಚಿಂತೆಯಿಂದ ಬಳಸಬಹುದು. ಆದರೆ ಒಳಹರಿವು ಕಮ್ಮಿಯಾದರೆ ಅದೂ ಖಾಲಿಯೇ.

ಇನ್ನೊಂದು ಮಾತು. ಸ್ಟೋರೇಜ್ ಪುಕ್ಕಟೆ ಅಲ್ಲ. ಕಟ್ಟೆ ತುಂಬಿದಾಗ ಹಳೇ ಕನ್ನಂಬಾಡಿ ಊರು ಮುಳುಗಿತು, ಜನ ಗಂಟುಮೂಟೆ ಕಟ್ಟಿಕೊಂಡು ಹೊರಟರು. ಅಲ್ಲಿನ ವೇಣುಗೋಪಾಲಸ್ವಾಮಿ ದೇವಸ್ಥಾನ ದಶಕಗಳ ಕಾಲ ನೀರಲ್ಲಿತ್ತು. ಬರಗಾಲದಲ್ಲಿ ನೀರು ಪೂರಾ ಇಳಿದಾಗ ಮಾತ್ರ ಮೇಲೆ ಕಾಣಿಸೋದು. ಈಚೆಗೆ ಅದನ್ನು ಪಾಂಡವಪುರ ತಾಲ್ಲೂಕಿನ ಹೊಸ ಕನ್ನಂಬಾಡಿಯಲ್ಲಿ ಮತ್ತೆ ಕಟ್ಟಿದ್ದಾರೆ. ಗಣಿಯ ದೀಪ ಆರದಿರಲಿ ಅಂತ ಶೇಖರಿಸಿದ ನೀರಿನಡಿ ಯಾರದೋ ಮನೆ, ಹೊಲ, ದೇವರು ಇದ್ದರು. ಅವರ ಪಾಲಿಗೆ ಆ ಕರೆಂಟ್ ಬಂದದ್ದು ಎಷ್ಟೋ ಕಾಲದ ಮೇಲೆ. ನಮ್ಮ ವ್ಯಾನಿನ ಸೀಸ, ಲಿಥಿಯಂ ಕೂಡ ಎಲ್ಲೋ ಯಾರದೋ ನೆಲ ಅಗೆದೇ ಬರೋದು.

ಎರಡನೇ ರಾತ್ರಿ ಅನ್ನಕ್ಕೆ ಗ್ಯಾಸ್ ಒಲೆ ಹಚ್ಚಿದೆವು. ಲ್ಯಾಪ್‌ಟಾಪ್ ತೆಗೆಯಲೇ ಇಲ್ಲ. ಮಲಗೋ ಮುಂಚೆ ಮೀಟರ್ ನೋಡಿ ಒಂದು ಚೀಟಿಯಲ್ಲಿ ಬರೆದಿಟ್ಟೆವು: ಒಳಹರಿವು, ಹೊರಹರಿವು, ಇಂದಿನ ಮಟ್ಟ. ಬೆಳಗ್ಗೆ ನವಿಲು ಕೂಗಿ ಎಬ್ಬಿಸಿದಾಗ ಫ್ಯಾನ್ ಇನ್ನೂ ತಿರುಗುತ್ತಿತ್ತು. ಎಳನೀರು ತಂದ ಯಜಮಾನರು ಕಿಟಕಿಯಿಂದಲೇ ಕೇಳಿದರು, "ಎಷ್ಟು ಅಡಿ ಐತೆ?"