ಗುಬ್ಬಿ ನಾಟಕ ಮಂಡಳಿಯ ನಾಮಾಂತರಗಳು

ಗುಬ್ಬಿ ಕಂಪನಿಯನ್ನು ಸ್ಥಾಪಿಸಿದವರು ವೀರಣ್ಣನವರೆಂದು ವಿದ್ಯಾರ್ಥಿಗಳು ಉತ್ತರಪತ್ರಿಕೆಗಳಲ್ಲಿ ಬರೆಯುವುದನ್ನು ನಾವು ಮೇಲಿಂದ ಮೇಲೆ ಕಂಡಿದ್ದೇವೆ. ಮಂಡಳಿಯು ಹುಟ್ಟಿದ್ದು 1884ರಲ್ಲಿ. ವೀರಣ್ಣನವರು ಜನಿಸಿದ್ದು 1891ರಲ್ಲಿ. ಈ ಪ್ರಮಾದಕ್ಕೆ ವಿದ್ಯಾರ್ಥಿಗಳ ಅಲಕ್ಷ್ಯಕ್ಕಿಂತಲೂ ಮಂಡಳಿಯ ಹೆಸರು ಪಡೆದ ರೂಪಾಂತರಗಳೇ ಹೆಚ್ಚು ಕಾರಣವೆಂದು ನಮ್ಮ ಅಭಿಪ್ರಾಯ.

ಮೂಲನಾಮವು ‘ಗುಬ್ಬಿ ಶ್ರೀ ಚನ್ನಬಸವೇಶ್ವರ ಕೃಪಾಪೋಷಿತ ನಾಟಕ ಸಂಘ’. ಇದರಲ್ಲಿ ಊರುಂಟು, ಊರ ದೈವವುಂಟು, ಕೂಟವುಂಟು, ಒಡೆಯನ ಹೆಸರಿಲ್ಲ. ಚಂದಣ್ಣನವರೇ ಮೊದಲಾದ ಊರವರು ಕೂಡಿ ಕಟ್ಟಿದ ಸಂಘಕ್ಕೆ ಅದು ಸಹಜವೇ ಆಗಿತ್ತು. ‘ಕೃಪಾಪೋಷಿತ’ವೆಂಬ ಪದವನ್ನು ಕೇವಲ ಭಕ್ತಿಯ ಅಲಂಕಾರವೆಂದು ತಳ್ಳಿಹಾಕಲಾಗದು. ಅರಮನೆಯ ಮಂಡಳಿಯು ‘ಚಾಮರಾಜೇಂದ್ರ’ ಎಂದು ದೊರೆಯ ಹೆಸರನ್ನು ಧರಿಸಿದ್ದ ಕಾಲದಲ್ಲಿ, ರಾಜಾಶ್ರಯವಿಲ್ಲದ ಊರಿನ ನಟರು ತಮ್ಮ ಪೋಷಕನು ದೇವರೆಂದು ಹೇಳಿಕೊಂಡರು.

1917ರಲ್ಲಿ ಒಡೆತನವು ವೀರಣ್ಣನವರಿಗೆ ಬಂದಿತು. ಮುಂದೆ ‘ಸಂಘ’ವು ‘ಕಂಪನಿ’ಯಾಯಿತು. ಪಾರಸಿ ನಾಟಕ ಕಂಪನಿಗಳಿಂದ ನಮ್ಮಲ್ಲಿ ರೂಢಿಗೆ ಬಂದ ಈ ಶಬ್ದದಲ್ಲಿ ಬಂಡವಾಳ, ಸಂಬಳ, ಲಾಭನಷ್ಟಗಳ ಧ್ವನಿಯಿದೆ. 1934ರ ‘ಕುರುಕ್ಷೇತ್ರ’ದಲ್ಲಿ ರಂಗದ ಮೇಲೆ ಜೀವಂತ ಆನೆಕುದುರೆಗಳನ್ನು ತಂದ ಸಂಸ್ಥೆಗೆ ಆ ಶಬ್ದವೇ ಒಪ್ಪುತ್ತಿತ್ತೆನ್ನಬೇಕು! ಜನರ ಬಾಯಲ್ಲಿಯಾದರೋ ಅದು ‘ವೀರಣ್ಣನವರ ಕಂಪನಿ’ಯಾಗಿ ನಿಂತಿತು. ಚಂದಣ್ಣನವರು ಮರೆಯಾದದ್ದು ಇಲ್ಲಿಯೇ.

ನಮ್ಮ ಸೀಮೆಯಲ್ಲಿಯೂ ಸ್ಥಿತಿ ಬೇರೆಯಲ್ಲ. ಹಿರೇಕೆರೂರು ತಾಲೂಕಿನ ಸಾತೇನಹಳ್ಳಿಯಲ್ಲಿ ಜನಿಸಿದ ಶಾಂತಕವಿಗಳು ಗದಗಿನಲ್ಲಿ ಕಟ್ಟಿದ ಮಂಡಳಿಯು ವೀರನಾರಾಯಣನ ಹೆಸರನ್ನೂ ‘ಕೃತಪುರ’ವೆಂಬ ಊರಿನ ಹಳೆಯ ಹೆಸರನ್ನೂ ಹೊತ್ತಿತ್ತು. ಗರೂಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿಯನ್ನು ಪ್ರೇಕ್ಷಕರು ‘ಗರೂಡರ ಕಂಪನಿ’ಯೆಂದೇ ಕರೆದರು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನ ಅಣ್ಣಾಸಾಹೇಬ ಕಿರ್ಲೋಸ್ಕರರು ಮೊದಲು ಕಟ್ಟಿದ ಕೂಟಕ್ಕೆ ‘ಭರತಶಾಸ್ತ್ರೋತ್ತೇಜಕ ಮಂಡಳಿ’ಯೆಂದು ಶಾಸ್ತ್ರದ ಹೆಸರಿತ್ತು, 1880ರಲ್ಲಿ ಪುಣೆಯಲ್ಲಿ ‘ಶಾಕುಂತಲ’ವಾಡಿ ಕೀರ್ತಿ ಪಡೆದದ್ದು ಮಾತ್ರ ಕಿರ್ಲೋಸ್ಕರ ಮಂಡಳಿ.

ಆದುದರಿಂದ ಹಳೆಯ ಕರಪತ್ರಗಳಲ್ಲಿ ಕಾಣುವ ಭಿನ್ನ ನಾಮಗಳನ್ನು ಭಿನ್ನ ಮಂಡಳಿಗಳೆಂದು ಎಣಿಸುವ ಮುನ್ನ ಒಡೆತನದ ವರ್ಷಗಳನ್ನು ಹೋಲಿಸಿ ನೋಡತಕ್ಕದ್ದು. 1954ರ ‘ಬೇಡರ ಕಣ್ಣಪ್ಪ’ ಚಲನಚಿತ್ರದ ನಿರ್ಮಾಣ ಸಂಸ್ಥೆಯಾದ ‘ಗುಬ್ಬಿ ಕರ್ನಾಟಕ ಪ್ರೊಡಕ್ಷನ್ಸ್’ ಎಂಬ ಹೆಸರಿನಲ್ಲಿ ಚನ್ನಬಸವೇಶ್ವರನಿಲ್ಲ, ವೀರಣ್ಣನವರೂ ಇಲ್ಲ. ಊರು ಉಳಿದಿದೆ; ಅದರ ಪಕ್ಕದಲ್ಲಿ, ರಾಜ್ಯಕ್ಕೆ ಆ ಹೆಸರು ದೊರೆಯುವುದಕ್ಕೆ 19 ವರ್ಷ ಮೊದಲೇ, ‘ಕರ್ನಾಟಕ’ವು ಬಂದು ಕುಳಿತಿದೆ.